ನೆಲಗುಳ್ಳದ ಹೊಗೆ

ಹುಸೇನಬಿಯ ಹಲ್ಲಿನಿಂದ ಉದುರಿದವೆಂದು ನಾನು ತೋರಿಸಿದ ಹುಳಗಳು ಹುಳಗಳೇ ಆಗಿರಲಿಲ್ಲ. ಅದು ನನಗೆ ಆಗಲೇ ಗೊತ್ತಿತ್ತು.

ಹಲ್ಲುನೋವು ಬಂದವರು ಲಕ್ಷ್ಮೇಶ್ವರದ ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಕಲಿಸಿದ ವಿದ್ಯೆ — ನೀರಿನ ತಟ್ಟೆಯ ನಡುವೆ ಕಾಸಿದ ಕಬ್ಬಿಣ, ಅದರ ಮೇಲೆ ನೆಲಗುಳ್ಳವೆಂಬ ಮುಳ್ಳುಗಿಡದ ಎಣ್ಣೆ ಸವರಿದ ಬೀಜ, ಮುಚ್ಚಲು ತೂತಿನ ಗಡಿಗೆ. ನೋವಿದ್ದವರು ಆ ತೂತಿಗಿಟ್ಟ ಕೊಳವೆಯಿಂದ ಆ ಹೊಗೆಯನ್ನು ಬಾಯಿಗೆ ಎಳೆದುಕೊಳ್ಳಬೇಕು. ಗಡಿಗೆ ಎತ್ತಿದರೆ ನೀರಿನಲ್ಲಿ ಬಿಳಿ ಹುಳಗಳು. “ನೋಡ್ರಿ, ಎಷ್ಟ್ ಸಂಸಾರ ಹೂಡಿದ್ವು ನಿಮ್ಮ ಬಾಯಾಗ!” ಎಂದು ನಗಿಸುತ್ತಿದ್ದೆ.

ಒಂದು ಮಳೆಗಾಲ, ಬೀಜ ಒಣಗಿದೆಯೋ ಇಲ್ಲವೋ ನೋಡಲು ಒಬ್ಬನೇ ಹೊಗೆ ಹಾಕಿದೆ. ಯಾರ ಬಾಯಿಯೂ ಇರಲಿಲ್ಲ. ಗಡಿಗೆ ಎತ್ತಿದೆ — ಹುಳಗಳಿದ್ದವು. ಬಿಸಿಗೆ ಸಿಡಿದ ಬೀಜದೊಳಗಿನ ಮೊಳಕೆ, ಬಾಗಿದ ಬಿಳಿ ಎಳೆ. ಅಷ್ಟೇ. ಅಪ್ಪನಿಗೆ ತಿಳಿದಿತ್ತೋ ಏನೋ, ಕೇಳಲು ಅವನಿರಲಿಲ್ಲ. ನನಗಂತೂ ತಿಳಿಯಿತು. ಆದರೂ...

ಅದಾದ ಮೇಲೆ ಹುಸೇನಬಿ ಬಂದಳು. ಅಡರಕಟ್ಟಿಯಲ್ಲಿ ಕೌದಿ ಹೊಲಿಯುವಾಕೆ, ದಾರವನ್ನು ಹಲ್ಲಿನಿಂದಲೇ ಕಡಿಯುವಾಕೆ.

“ಅಣ್ಣಾರ, ತಲಿ ಒಡದ್ ಹೋಗಾಕತ್ತೈತ್ರಿ. ಗದಗಿಗೆ ಡಾಕ್ಟರ್ ಕಡೆ ಹೋಗ್ಲೇನ್ರಿ?”

“ಡಾಕ್ಟರ್ ಹಲ್ಲ ಕೀಳ್ತಾರವಾ, ಹುಳ ತಗೀತಾರೇನು?”

ಇದು ನನ್ನ ಮಾತು. ಆಕೆಯನ್ನು ತಡೆದದ್ದು ಇದೊಂದೇ. ಹೊಗೆ ಹಾಕಿದೆ, ಹುಳ ತೋರಿಸಿದೆ. ಕೆಲವು ದಿನಗಳಲ್ಲಿ ನೋವು ನಿಂತಿತು; ಊರು ಹೊಗಳಿತು. ಆಮೇಲೆ ದವಡೆ ಬಾತಿತು. ಕೊನೆಗೆ ದೊಡ್ಡಾಸ್ಪತ್ರೆಯಲ್ಲಿ ಕೀವಿನ ಜೊತೆ ದವಡೆಯ ಎಲುಬಿನ ತುಂಡನ್ನೂ ತೆಗೆದರು. ಆಕೆಯ ಮುಖ ಒಂದು ಕಡೆ ಕುಸಿಯಿತು. “ನೀವು ಹುಳ ತಗದಿದ್ದಕ್ಕ ಜೀವರೆ ಉಳೀತ್ರಿ” ಎಂದಳು. ನಾನು ಹೌದೆಂದು ತಲೆಯಾಡಿಸಿದೆ.

ಈಚೆಗೆ ನನ್ನದೇ ಹಲ್ಲು ನೋಯಿತು. ಮೇಲಿನದು ಎಂದೆ. ಹಾಳಾದದ್ದು ಕೆಳಗಿನದು ಎಂದರು ಗದಗಿನ ಡಾಕ್ಟರಮ್ಮ. “ಹಲ್ಲಿನ ನರಕ್ಕ ಊರು ಗೊತ್ತಿರ್ತೈತಿ, ಓಣಿ ಗೊತ್ತಿರಂಗಿಲ್ರಿ ಅಜ್ಜಾರ.” ಚಿತ್ರ ತೋರಿಸಿ ಹೇಳಿದರು. ಕಲ್ಲಿನಂಥ ಹಲ್ಲಿನ ನಡುವೆ ದಾರದಷ್ಟು ಜಾಗ, ಅದರಲ್ಲಿ ನೆತ್ತರು, ನರ. ಸುತ್ತಲಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ನಳಿಕೆಗಳು. ಹಲ್ಲು ಸವೆದಲ್ಲಿ ತಣ್ಣೀರು ತಾಗಿದರೆ ಅವುಗಳೊಳಗಿನ ದ್ರವ ಅಲುಗುತ್ತದೆ — ಅಷ್ಟಕ್ಕೇ ನರ ಕೂಗಿಕೊಳ್ಳುತ್ತದೆ! ಹುಳುಕು ಒಳಗೆ ಮುಟ್ಟಿದರೆ ಆ ಮೆತ್ತನೆಯ ಭಾಗ ಬಾತುಕೊಳ್ಳಬೇಕು, ಬಾತುಕೊಳ್ಳಲು ಜಾಗವಿಲ್ಲ, ಗೋಡೆ ಸರಿಯುವುದಿಲ್ಲ. ಅದಕ್ಕೇ ಆ ಪರಿ ನೋವು. ಇಷ್ಟು ಸಣ್ಣ ಕೋಣೆಯಲ್ಲಿ ಇಷ್ಟು ದೊಡ್ಡ ಕಾವಲು... ಜೀವಮಾನವೆಲ್ಲ ಹಲ್ಲು ನೋಡಿದವನು ನಾನು — ಏನನ್ನು ನೋಡಿದ್ದೆ?

“ಮತ್ತ ನೋವು ತಾನ ನಿಂತ್ರ?” ಎಂದೆ.

“ನರ ಸತ್ತಿರ್ತೈತ್ರಿ. ಕೀವು ಎಲುಬಿಗಿ ಇಳೀತಿರ್ತೈತಿ, ಖಬರ ಕೊಡವ್ರು ಯಾರೂ ಇರಂಗಿಲ್ಲ.”

ಹುಸೇನಬಿಯ ನೋವು ನಿಂತದ್ದು ಹಾಗೆ. ನರದ ಆ ಸಾವನ್ನು ನನ್ನ ಕೈಗುಣವೆಂದು ಹೇಳಿಕೊಂಡು ತಿರುಗಿದೆ.

ಹೋದ ವಾರ ಆಕೆಯ ಫೋನು. “ಸೊಸಿ ಹಲ್ಲು ಭಾಳ ನೋಯಾಕತ್ತೈತ್ರಿ. ನಾಳೆ ಕರ್ಕೊಂಡ್ ಬರ್ತೀನಿ, ಹೊಗಿ ಹಾಕ್ರಿ.”

ಮನೆಯವರೆಗೆ ಬರಗೊಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲೇ ನಿಂತು, ಸೊಸೆಯ ಎದುರೇ ಎಲ್ಲ ಹೇಳಿದೆ — ಬೀಜ, ಮೊಳಕೆ, ನನಗೆ ಮೊದಲೇ ಗೊತ್ತಿದ್ದದ್ದು.

ಹುಸೇನಬಿ ಕೇಳಿದಳು: “ಅವತ್ತ ಗದಗಿಗೆ ಹೋಗಿದ್ರ ನನ್ನ ದವಡಿ ಉಳೀತಿತ್ತೇನ್ರಿ?”

“ಉಳೀತಿತ್ತವಾ.”

ಆಕೆ ಸೊಸೆಯನ್ನು ಗದಗಿನ ಬಸ್ಸಿಗೆ ಹತ್ತಿಸಿ ತಾನೂ ಹತ್ತಿದಳು. ನಾನೂ ಹತ್ತಹೋದೆ. “ನೀವು ಬ್ಯಾಡ್ರಿ” ಎಂದಳು.

ಸರಿಯಾಗಿಯೇ ಅಂದಳು. ಹೊಗೆ ಕುಡಿದು ಹೋದವರು ಇನ್ನೂ ಎಷ್ಟೋ ಜನರಿದ್ದಾರೆ, ಇಂದಿಗೂ ಮಕ್ಕಳಿಗೆ ನನ್ನ ಹೆಸರು ಹೇಳುವವರು. ಅವರ ಮನೆಗಳು ನನಗೆ ಗೊತ್ತು; ಊರೂರಿಗೆ ಹೋಗಿ ಅವರಿಗೂ ಹೇಳಬೇಕು. ನಾಳೆ ಮೊದಲು ಕಳಸಾಪುರ.