ಕೊರತೆಯ ಮಾತು ಬಂದಾಗ ತಗ್ಗುವ ದನಿ

ಊರಿನಲ್ಲಿ ಸಭೆ ಯಾರದೇ ಇರಲಿ, ಮೈಕ್ ಹಾಕುವವನು ಸೌಂಡಪ್ಪನೇ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ. ಕಂಡವರ ಗಂಟಲಿಗೆಲ್ಲ ಬಲ ತುಂಬುವ ಈ ಮನುಷ್ಯ ಮನೆಯಲ್ಲಿ ತುಟಿ ಪಿಟಕ್ಕೆನ್ನುವುದಿಲ್ಲ. ಅಲ್ಲಿ ಮಾತಿನ ಖಾತೆ ಹೆಂಡತಿಯದು.

ಸೌಂಡಪ್ಪ ವಿರೋಧ ಪಕ್ಷದ ಅಭಿಮಾನಿ. ಇವತ್ತು ನಿನ್ನೆಯ ಅಭಿಮಾನವಲ್ಲ, ಮೊದಲ ಓಟಿನಿಂದಲೂ ಅದಕ್ಕೇ ಒತ್ತಿದವನು. ಸಾಲದ್ದಕ್ಕೆ ಪಕ್ಷದ ಊರ ಕಾರ್ಯದರ್ಶಿ ಅವನ ಭಾಮೈದ. ಹಾಗಾಗಿ ಈ ಚುನಾವಣೆಯಲ್ಲಿ ಪಕ್ಷದ ಅಷ್ಟೂ ಸಭೆಗಳ ಮೈಕು ಅವನಿಗೇ ಸಿಕ್ಕಿತು. ಗ್ರಹಚಾರ ಶುರುವಾದದ್ದೂ ಅಲ್ಲಿಂದಲೇ. ಉಳಿದವರು ಭಾಷಣವನ್ನು ಒಂದು ಸಲ ಕೇಳಿ, ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಇವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಅದನ್ನೇ ಬೀದಿಬೀದಿಯಲ್ಲೂ ಕೇಳಬೇಕು.

ಅಭ್ಯರ್ಥಿ ಕಾಲೇಜಿನಿಂದ ನಿವೃತ್ತರಾದ ಮೇಷ್ಟ್ರು, ಪಾಪ, ಒಳ್ಳೆಯವರು. ಬೊಕ್ಕಸಕ್ಕೆ ಬರುವುದಕ್ಕಿಂತ ಅಲ್ಲಿಂದ ಹೋಗುವುದೇ ಹೆಚ್ಚಾಗಿ ದೇಶಕ್ಕೆ ಎಂಥ ಕೊರತೆ ಬಿದ್ದಿದೆ ಎಂದು ಗುಡುಗುತ್ತಿದ್ದರು. "ನಾವು ಬಂದ್ರೆ ಐದೇ ವರ್ಷದಲ್ಲಿ ಈ ಕೊರತೆ ಅರ್ಧಕ್ಕೆ ಇಳಿಸ್ತೀವಿ. ತೆರಿಗೆ ಏರಿಸಲ್ಲ. ಯಾವ ಯೋಜನೆಗೂ ಕತ್ತರಿ ಹಾಕಲ್ಲ. ಹೇಗೆ ಅಂತ ಕೇಳ್ತೀರಾ?" ಎನ್ನುವವರೆಗೆ ಸಿಂಹದ ದನಿ. ಆಮೇಲೆ ಪಕ್ಕಕ್ಕೆ ತಿರುಗಿ, ಕನ್ನಡಕ ಒರೆಸುತ್ತ ಏನೋ ಗೊಣಗುವರು. ಮತ್ತೆ ಮೈಕಿನ ಮುಂದೆ ಬರುವಷ್ಟರಲ್ಲಿ "ಆದ್ದರಿಂದ ಬಂಧುಗಳೇ" ಶುರುವಾಗಿರುತ್ತಿತ್ತು.

ದನಿ ತಗ್ಗಿದರೆ ಸೌಂಡ್ ಏರಿಸುವುದು ಸೌಂಡಪ್ಪನ ಕೈಗೆ ಅಂಟಿದ ಚಾಳಿ. ಒಂದು ಸಂಜೆ ಹಾಗೆ ಏರಿಸಿದಾಗ ಮೇಷ್ಟ್ರ ಗೊಣಗಾಟ ಬೀದಿಗೆಲ್ಲ ಸ್ಪಷ್ಟವಾಗಿ ಕೇಳಿತು: "ಅದೆಲ್ಲ ಆಮೇಲೆ ನೋಡ್ಕೊಂಡ್ರಾಯ್ತು."

ಜನ ಬಿದ್ದು ಬಿದ್ದು ನಕ್ಕರು. ಭಾಮೈದ ಮುಖ ಗಂಟಿಕ್ಕಿಕೊಂಡು ಮನೆಗೇ ಬಂದ.

"ಭಾವ, ಆ ಜಾಗ ಬಂದಾಗ ಸೌಂಡ್ ಕಮ್ಮಿ ಮಾಡಿ. ಇಲ್ಲಾಂದ್ರೆ ನಾಳೆ ದೊಡ್ಡ ಸಭೆಗೆ ಬೇರೆಯವರನ್ನ ಕರೀಬೇಕಾಗುತ್ತೆ."

"ಅಲ್ಲ ಕಣೋ, ಹೇಗೆ ಅಂತ ಒಂದ್ಸಲ ಹೇಳಿಬಿಟ್ರೆ ನನಗೂ ಸಮಾಧಾನ ಆಗುತ್ತಲ್ಲ."

"ನಿಮಗ್ಯಾಕ್ರೀ ದೇಶದ ಉಸಾಬರಿ?" ಎಂದಳು ಹೆಂಡತಿ. "ಅವನು ಹೇಳಿದಷ್ಟು ಮಾಡಿ."

ಸೌಂಡಪ್ಪನಿಗೆ ನಿಜವಾಗಿ ಸಂಕಟವಾಯಿತು. ಕೆಲಸ ಹೋದರೆ ಇನ್ನೊಂದು ಬಂದೀತು. ಇಷ್ಟು ವರ್ಷ ಕಣ್ಣು ಮುಚ್ಚಿ ಓಟು ಹಾಕಿದ ಪಕ್ಷದ ಮೇಲೆ ಅನುಮಾನ ಬಂತಲ್ಲ, ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಈ ಸಲ ಓಟೇ ಹಾಕುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಮರುದಿನ ಮೈದಾನ ತುಂಬಿತ್ತು. "ಹೇಗೆ ಅಂತ ಕೇಳ್ತೀರಾ?" ಎಂದು ಮೇಷ್ಟ್ರು ಪಕ್ಕಕ್ಕೆ ತಿರುಗಿದರು. ಸೌಂಡಪ್ಪ ಹಲ್ಲು ಕಚ್ಚಿಕೊಂಡು ಸೌಂಡ್ ಇಳಿಸಿದ.

"ಕೇಳಿಸ್ತಿಲ್ಲ" ಎಂದಿತು ಹಿಂದಿನ ಸಾಲು. "ಮೈಕಿನವರೇ, ಸೌಂಡ್ ಕೊಡ್ರೀ" ಎಂದಿತು ಮುಂದಿನ ಸಾಲು. ಭಾಮೈದನ ಅಪ್ಪಣೆ ಮೇಷ್ಟ್ರಿಗೆ ಗೊತ್ತಿರಲಿಲ್ಲ. "ಯಾರಪ್ಪ ಅದು ಮೈಕಿನ ಹತ್ರ? ಸ್ವಲ್ಪ ಏರಿಸಿ" ಎಂದುಬಿಟ್ಟರು. ವೇದಿಕೆಯ ಕೆಳಗೆ ಭಾಮೈದ ಎರಡೂ ಕೈ ಆಡಿಸಿ ಬೇಡ ಬೇಡ ಎನ್ನುತ್ತಿದ್ದ. ಅಭ್ಯರ್ಥಿಯ ಮಾತು ದೊಡ್ಡದಲ್ಲವೇ? ಸೌಂಡಪ್ಪ ಪೂರ್ತಿ ಏರಿಸಿದ.

ಇಡೀ ಮೈದಾನ ಕತ್ತು ಚಾಚಿತು. ಒರೆಸಲು ಕನ್ನಡಕದಲ್ಲಿ ಧೂಳೂ ಉಳಿದಿರಲಿಲ್ಲ. ಮೇಷ್ಟ್ರು ಜನರನ್ನೇ ನೋಡಿದರು.

"ಹೇಗೆ ಅಂತ ನನಗೂ ಗೊತ್ತಿಲ್ಲ, ಬಂಧುಗಳೇ. ಪಕ್ಷದ ದೊಡ್ಡವರನ್ನ ಎರಡು ಸಲ ಕೇಳಿದ್ದೀನಿ. ಇನ್ನೂ ಹೇಳಿಲ್ಲ. ಮತ್ತೆ ಕೇಳ್ತೀನಿ."

ಸಭೆ ಮುಗಿದು ಸೌಂಡಪ್ಪ ವೈರು ಸುತ್ತುತ್ತಿದ್ದಾಗ ಭಾಮೈದ ಬಂದು ತಲೆಯ ಮೇಲೆ ಕೈ ಹೊತ್ತು ಪಕ್ಕದಲ್ಲೇ ಕುಳಿತ.

"ಎಲ್ಲಾ ಮುಗೀತು ಭಾವ. ಅಭ್ಯರ್ಥಿನೇ ಗೊತ್ತಿಲ್ಲ ಅಂದ್ಮೇಲೆ ಓಟ್ ಯಾರು ಹಾಕ್ತಾರೆ?"

"ನಾನು ಹಾಕ್ತೀನಿ" ಎಂದ ಸೌಂಡಪ್ಪ. "ಬೆಳಿಗ್ಗೆವರೆಗೂ ಹಾಕೋ ಮನಸ್ಸಿರಲಿಲ್ಲ."