ಬೀಸುಕಲ್ಲಿನ ಅರ್ಧ ಸಾಲು

ಯಾರದೋ ಸಿನಿಮಾ ಹಾಡಿನ ರಾಗವನ್ನು ಇನ್ಯಾರೋ ಕದ್ದರೆಂದು ಕೋರ್ಟಿನಲ್ಲಿ ಬಡಿದಾಡುತ್ತಿದ್ದಾರಂತೆ. ಮೊಮ್ಮಗಳು ಪೇಪರ್ ಓದಿ ಹೇಳಿದಾಗ ನನಗೆ ನಗು ಬಂತು. ಅಯ್ಯ ನನ್ನವ್ವ, ಆ ಜಗಳ ನನ್ನ ಮದುವೆಯ ಹಂದರದಲ್ಲೇ ಆಗಿಹೋಗಿತ್ತು!

ರಜಾಕಾರರ ಗದ್ದಲ ಅಡಗಿ ಎರಡು ಮೂರು ವರ್ಷವಾಗಿತ್ತು. ಮಸ್ಕಿಯ ನಮ್ಮ ಮನೆ ಮುಂದೆ ಹಂದರ, ಬೀಗರು ಲಿಂಗಸುಗೂರಿನವರು. ನನಗೆ ಅರಿಸಿನ ಹಚ್ಚಿ ಸುರಗಿ ನೀರು ಹಾಕುವಾಗ ಅವ್ವ ಹಾಡಿದಳು. ನಾನು ತೊಟ್ಟಿಲಲ್ಲಿದ್ದಾಗ ಜೋಳ ಬೀಸುತ್ತಾ ತಾನೇ ಕಟ್ಟಿದ ಹಾಡು. ಅವಳ ಮೈಮೇಲೆ ಬಂಗಾರವಿರಲಿಲ್ಲ, ಆ ಹಾಡೊಂದಿತ್ತು. ಅದು ಮುಗಿಯುವ ಮೊದಲೇ ನನ್ನ ಅತ್ತೆಯಾಗುವಾಕೆ ಬಾಯಿ ಹಾಕಿದಳು.

"ಏನ್ರಿ ಬೀಗತಿ, ನಮ್ಮ ರಾಗ ನಿಮ್ಮ ಮನಿಗೆ ಯಾವಾಗ ಬಂತು?"

"ನಿಮ್ಮದ್ಯಾಕ ಆಕ್ಕೈತ್ರಿ? ನಾನ ಕಟ್ಟೀನಿ."

"ಮಾತು ಕಟ್ಟಿರಬೇಕು. ರಾಗ ನಮ್ಮತ್ತಿದು. ಕದ್ದ ಸೀರಿಗೆ ಬ್ಯಾರೆ ಸೆರಗು ಹಚ್ಚಿದ್ರ ಸೀರಿ ನಿಮ್ಮದಾಗ್ತೈತೇನು?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬೀಗರ ಚೇಷ್ಟೆ ಎಂದು ಬಿಡಬಹುದಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವ್ವ ನನ್ನ ತಲೆಗೆ ಅಕ್ಕಿಕಾಳು ಹಾಕಿ, "ನನ್ನ ಕಳ್ಳಿ ಅಂದವರ ಹೊಸ್ತಿಲಾ ನಾ ತುಳಿಯೂದಿಲ್ಲ" ಎಂದಳು. ನನಗೆ ಸಂಕಟವಾಯಿತು. ಇಬ್ಬರ ರಾಗಕ್ಕೆ ನಾನು ಅವ್ವನನ್ನು ಕಳೆದುಕೊಳ್ಳಬೇಕೆ?

ನಾಗರ ಪಂಚಮಿಗೆ ತವರಿಗೆ ಕರೆಯಲು ಅಪ್ಪನೊಬ್ಬನೇ ಬಂದ. ಅತ್ತೆಯ ಮನೆಯಲ್ಲಿ ನಸುಕಿನಲ್ಲೆದ್ದು ನಾನೂ ಅವಳೂ ಎದುರಾಬದುರು ಕೂತು ಬೀಸುತ್ತಿದ್ದೆವು. ಅವಳು ಅದೇ ರಾಗ ತೆಗೆಯುತ್ತಿದ್ದಳು. ಸಾಲಿನ ನಡುವೆ ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕಲು ತಡೆದು, ಆಮೇಲೆ ಉಳಿದರ್ಧ ಎತ್ತುತ್ತಿದ್ದಳು. ಒಂದು ದಿನ ನನಗೆ ಅಳು ತಡೆಯಲಾಗಲಿಲ್ಲ.

"ಯಾಕ ಅಳಾಕತ್ತಿ ಬೇ?"

"ಅವ್ವನ ನೆನಪಾತ್ರಿ. ಆಕಿನೂ ಇಲ್ಲೇ ತಡೀತಿದ್ಲು."

ಅತ್ತೆ ಹಿಡಿ ಹಿಡಿ ಜೋಳ ಸುರಿದು ಕಲ್ಲನ್ನು ಗರಗರ ತಿರುವಿದಳು. ಆವತ್ತು ಹಿಟ್ಟು ದಪ್ಪಗೆ ಬಿತ್ತು.

ನಾನು ಬಸುರಾಗಿ ಏಳು ತಿಂಗಳು ತುಂಬಿದಾಗ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆದೊಯ್ಯಬೇಕು. ಕುಬಸದ ಸೀರೆ ತಾಯಿಯೇ ಉಡಿಸಬೇಕು. ಮಸ್ಕಿಯಿಂದ ಗಾಡಿ ಬಂತು. ಅಪ್ಪ ಇಳಿದ. ಅವ್ವ ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲೇ ಕೂತಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ನಾನು ಹೊಸ್ತಿಲ ಒಳಗೆ, ಅವಳು ಹೊರಗೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಅತ್ತೆ ದುರುದುರು ನೋಡಿ ಒಳಗೆ ಹೋದಳು. ಬೀಸುಕಲ್ಲನ್ನು ದರದರ ಎಳೆದು ಪಡಸಾಲೆಗೆ ತಂದು, ಸೆರಗು ಸಿಕ್ಕಿಸಿ ಕೂತು, ಓಣಿಗೆಲ್ಲ ಕೇಳುವಂತೆ ಆ ರಾಗ ಎತ್ತಿದಳು, ಈ ಸಲ ಹಂದರದಲ್ಲಿ ಕೇಳಿದ ಅವ್ವನ ಮಾತಿನಲ್ಲೇ. ಅರ್ಧ ಸಾಲಾಯಿತು. ಹಿಡಿ ಜೋಳ ಹಾಕಿದಳು. ಬಾಯಿ ಮುಚ್ಚಿದಳು. ಕಲ್ಲು ತಿರುಗಿತು, ಹಾಡು ಮುಂದೆ ಹೋಗಲಿಲ್ಲ. ಮತ್ತೆ ಅದೇ ಅರ್ಧ, ಮತ್ತೆ ಮೌನ.

ಗಾಡಿಯಲ್ಲಿ ಅವ್ವ ಚಡಪಡಿಸಿದಳು. "ಮುಂದಿಂದು ಮರ್ತೀರೇನು?"

"ನನಗೇನು ಗೊತ್ತಬೇ? ಹಾಡು ಕಟ್ಟಿದಾಕಿ ಗಾಡ್ಯಾಗ ಕುಂತಾಳ."

ಅವ್ವ ಇಳಿದಳು. ಉಳಿದರ್ಧ ಹಾಡುತ್ತಲೇ ಹೊಸ್ತಿಲು ದಾಟಿ ಬಂದು, ಗಂಟನ್ನು ನನ್ನ ಕೈಗಿಟ್ಟು, ಅತ್ತೆಯ ಎದುರು ಕೂತು ಕಲ್ಲಿನ ಗೂಟ ಹಿಡಿದಳು. ನಾನು ಆ ಗಂಟು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಜಗಳ ಮುಗಿಯಿತೆಂದೇನಲ್ಲ. ರಾಗ ತನ್ನದೇ ಎಂದು ಇಬ್ಬರೂ ಸಾಯುವ ತನಕ ವಾದಿಸಿದರು. ವಾದಿಸಲಿಕ್ಕೆಂದೇ ಅವ್ವ ವರ್ಷವರ್ಷ ನಮ್ಮ ಮನೆಗೆ ಬರುತ್ತಿದ್ದಳು.