ಡ್ವೇನ್ ಕ್ರಾಮರ್‌ಗೆ ಬಂದ ನಕ್ಷತ್ರ

ಅಮೆರಿಕದ ಮೊಂಟಾನಾ ರಾಜ್ಯದ ರಾಜಧಾನಿ ಹೆಲೆನಾದ ಆರೋಗ್ಯ ಇಲಾಖೆಯಲ್ಲಿ ಆರ್ಲಿಸ್ ಟ್ವೆಟ್ ಮೂವತ್ತೊಂದು ವರ್ಷದಿಂದ ಮಾಡುತ್ತ ಬಂದಿರುವುದು ಒಂದೇ ಕೆಲಸ. ರಾಜ್ಯದ ಒಬ್ಬೊಬ್ಬ ಶಾಸಕನಿಗೂ ಅವನ ಕ್ಷೇತ್ರದ ಜನ ಯಾವ ಕಾಯಿಲೆಯಿಂದ ನರಳುತ್ತಾರೆ, ಯಾವುದರಿಂದ ಸಾಯುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದುಕೊಡುವುದು. ಅವರು ಅದನ್ನು ಓದುವ ಕ್ರಮವೂ ಅವಳಿಗೆ ಬಾಯಿಪಾಠ. ಮೊದಲು ತಮ್ಮ ಹಾಳೆ, ಆಮೇಲೆ ಪಕ್ಕದ ಕ್ಷೇತ್ರದ್ದು. ಅಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದರೆ ಇವರಿಗೆ ಅವತ್ತು ಊಟ ರುಚಿಸುತ್ತದೆ.

ಆರ್ಲಿಸ್‌ಗೂ ಒಂದು ಗರ್ವವುಂಟು: ಅಂಕಿ ಕೊಟ್ಟಾಳು, ಅಭಿಪ್ರಾಯ ಕೊಡಳು. "ನಾನು ತಕ್ಕಡಿ. ತಕ್ಕಡಿ ಮಾತಾಡಬಾರದು" ಅನ್ನುತ್ತಾಳೆ. "ಮನೇಲಿ ಯಾಕೆ ಮಾತಾಡ್ತೀಯ ಮತ್ತೆ?" ಅನ್ನುತ್ತಾನೆ ಗಂಡ.

ಮಾರ್ಚಿನ ಒಂದು ಬೆಳಿಗ್ಗೆ ಶಾಸಕ ಡ್ವೇನ್ ಕ್ರಾಮರ್ ಟೋಪಿ ತೆಗೆಯದೆ ಒಳಗೆ ನುಗ್ಗಿದ. ದನ ಸಾಕುವವನು, ಕ್ಷೇತ್ರದ ತುಂಬ ಜನಕ್ಕಿಂತ ದನವೇ ಹೆಚ್ಚು. ದೂರದೂರುಗಳಿಗೆ ಆಂಬುಲೆನ್ಸ್ ಕೊಡುವ ಮಸೂದೆ ಅವತ್ತು ಮಧ್ಯಾಹ್ನ ಓಟಿಗೆ ಬರುವುದಿತ್ತು.

"ಥ್ಯಾಂಕ್ಸ್ ಕಣಮ್ಮ ಆರ್ಲಿಸ್! ಹೃದಯಾಘಾತದ ಸಾಲಲ್ಲಿ ಪಕ್ಕದವನಿಗೆ ಬರೀ ಅಂಕಿ, ನನಗೆ ನಕ್ಷತ್ರ! ಇನ್ನು ಆಂಬುಲೆನ್ಸ್ ಯಾಕೆ? ಬೇಡ ಅಂತ್ಲೇ ಓಟು ಹಾಕ್ತೀನಿ."

"ಅದು ಬಹುಮಾನ ಅಲ್ಲ, ಡ್ವೇನ್. ಸತ್ತೋರು ಐದಕ್ಕಿಂತ ಕಡಿಮೆ ಇದ್ರೆ ನಕ್ಷತ್ರದ ಗುರುತು ಹಾಕಿ ಸಂಖ್ಯೆ ಮುಚ್ಚಿಡ್ತೀವಿ. ಇಲ್ಲಾಂದ್ರೆ ಯಾರ್ಯಾರು ಅಂತ ಗೊತ್ತಾಗಿಬಿಡುತ್ತೆ."

"ಕಡಿಮೆ ತಾನೆ? ಒಳ್ಳೇದೇ ಆಯ್ತಲ್ಲ!"

"ಸಾಯೋರು ಕಡಿಮೆ ಅಲ್ಲಪ್ಪ. ಇರೋರೇ ಕಡಿಮೆ."

ಡ್ವೇನ್ ಟೋಪಿ ತೆಗೆದ. "ಎಷ್ಟು ಜನ, ಹೇಳು."

"ಹೇಳೋ ಹಾಗಿಲ್ಲ."

"ಹೇಳ್ಬೇಡ ಬಿಡು. ನಂಗೆ ಗೊತ್ತಿಲ್ಲದ ಸಾವು ನಮ್ಮಲ್ಲಿ ಯಾವುದಿದೆ?" ಎಂದು ಬೆರಳು ಮಡಚತೊಡಗಿದ. "ಬೀಜದಂಗಡಿ ಇಟ್ಟಿದ್ದ ಓಲೆ. ಸ್ಕೂಲ್ ಬಸ್ ಓಡಿಸ್ತಿದ್ದ ಮಿಲಿಸೆಂಟ್..." ಮೂರನೆಯ ಬೆರಳಿಗೆ ಬಂದಾಗ ದನಿ ಇಳಿಯಿತು. "ನಮ್ಮ ಭಾವ ಗಸ್. ಕೊಟ್ಟಿಗೆ ಬಾಗಿಲಲ್ಲಿ ಅವನ ತಲೆ ನನ್ನ ತೊಡೆ ಮೇಲೇ ಇತ್ತು. ಪಕ್ಕದ ಜಿಲ್ಲೆಯಿಂದ ಆಂಬುಲೆನ್ಸ್ ಬರೋಕೆ ಒಂದೂಕಾಲು ಗಂಟೆ."

ಅವನು ಬಾಗಿಲ ಹತ್ತಿರ ಹೋದ ಮೇಲೆ ಆರ್ಲಿಸ್‌ಳ ಬಾಯಿಂದ ಮೂವತ್ತೊಂದು ವರ್ಷದಲ್ಲಿ ಬರದ ಮಾತು ಬಂತು.

"ಡ್ವೇನ್, ಓಟಿನಲ್ಲಿ ಹೌದು ಅನ್ನೋ ಗುಂಡಿ ಹಸಿರು."

"ಅಷ್ಟೂ ಗೊತ್ತಿಲ್ವೇನೆ ನಂಗೆ?"

ಮಧ್ಯಾಹ್ನ ಹಸಿರನ್ನೇ ಒತ್ತಿದ. ಮಸೂದೆ ಎರಡು ಓಟಿನಿಂದ ಗೆದ್ದಿತು. ಹೊರಗೆ ಬಂದವನು ಪತ್ರಿಕೆಯವರ ಮುಂದೆ ಗಂಟಲು ಸರಿಮಾಡಿಕೊಂಡು, "ಅಂಕಿಅಂಶಗಳನ್ನು ನಾನು ಆಳವಾಗಿ ಅಧ್ಯಯನ ಮಾಡಿದ್ದೇನೆ" ಅಂದ.